ಮೋಟಾರ್ ರಿವೈಂಡಿಂಗ್ ಕೆಲಸದ ವಿಡಿಯೋ ಹಾಕ್ತೇನಿ, ಮುಂದುವರಸ್ಲೋ ಬಿಡ್ಲೋ ತಿಳೀವಲ್ದು

ಹುಬ್ಳಿ_ವೈಂಡರ್

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಗ ಗೋಕುಲ ರೋಡ್ ಕಡೆ ಒಂದ್ ಸಣ್ಣ ವರ್ಕ್‌ಶಾಪ್‌ನಾಗ ಮೋಟಾರ್ ರಿವೈಂಡಿಂಗ್, ಅಂದ್ರ ಸುಟ್ಟ ಮೋಟಾರಿಗೆ ಹೊಸಾ ತಂತಿ ಸುತ್ತೂ ಕೆಲಸಾ ಮಾಡ್ತೇನಿ, ಹನ್ನೊಂದ್ ವರ್ಷ ಆತು. ಜಾಸ್ತಿ ಬರೂವು ರೈತರ ಪಂಪ್‌ಸೆಟ್, ಕಲಘಟಗಿ, ಶಿಗ್ಗಾಂವಿ, ಹಾನಗಲ್ ಕಡೆಯಿಂದ, ಮತ್ತ ಹಿಟ್ಟಿನ ಗಿರಣಿ ಮೋಟಾರು, ಒಮ್ಮೊಮ್ಮೆ ಫ್ಯಾನು. ಬ್ಯಾಸಗ್ಯಾಗಂತೂ ಮೋಟಾರ್ ಇಡಾಕ ಜಾಗಾ ಇರಂಗಿಲ್ಲ, ಬಾಗಲಾ ತನಕ ಸಾಲಾಗಿ ಬಿದ್ದಿರ್ತಾವ, ಒಬ್ಬೊಬ್ರು ಫೋನ್ ಮ್ಯಾಲ ಫೋನ್ ಮಾಡ್ತಾರ, ಬೆಳಿ ಒಣಗಾಕತ್ತೈತಿ ಇವತ್ತ ಕೊಡ ಅಂತ.

ವಿಷಯಕ್ಕ ಬರ್ತೇನಿ. ಒಂದೂವರೆ ವರ್ಷದ ಹಿಂದ ಒಂದ್ ರಾತ್ರಿ ಕೆಲಸಾ ಮುಗಿಯಾಕ ಹನ್ನೊಂದ್ ಆತು, ಸುಮ್ನ ಕುಂತಾಗ ಟೇಬಲ್ ಮ್ಯಾಲ ಅವತ್ತ ಕಟ್ಟಿ ಮುಗಿಸಿದ ಸ್ಟೇಟರ್, ಅಂದ್ರ ಮೋಟಾರಿನಾಗ ತಿರಗದ ತಂತಿ ಸುತ್ತಿದ ಭಾಗ ಇತ್ತು, ಹೊಸಾ ತಾಮ್ರದ ತಂತಿ, ಬಿಳೀ ದಾರದ್ ಕಟ್ಟು, ಬಲ್ಬಿನ ಬೆಳಕ ಬಿದ್ದು ಹೊಳ್ಯಾಕತ್ತಿತ್ತು. ಹನ್ನೊಂದ್ ವರ್ಷದಾಗ ಎಷ್ಟ ಸ್ಟೇಟರ್ ಕಟ್ಟೇನೋ ನೆಪ್ಪಿಲ್ಲ, ಒಂದನ್ನೂ ನಾ ಹಂಗ ನೋಡಿರ್ಲಿಲ್ಲ. ಯಾಕಂದ್ರ ಇದು ನೋಡೂ ಕೆಲಸ ಅಲ್ರಿ, ಬಾಡಿಯೊಳಗ ಹಾಕಿ ಬೋಲ್ಟ್ ಬಿಗದ್ರ ಮುಗೀತು, ಮುಂದ ಬಾವಿ ಒಳಗ ಬೋರ್ ಒಳಗ ಹೋಗ್ತೈತಿ, ಮತ್ತ ಸುಟ್ಟ ಮ್ಯಾಲನ ಹೊರಗ ಬರೂದು. ಅಂದ್ರ ನನ್ ಕೈಕೆಲಸ ಛಲೋ ಇರೂ ತನಕ ಯಾರೂ ನೋಡಂಗಿಲ್ಲ, ಕೆಟ್ಟ ಮ್ಯಾಲ ನೋಡ್ತಾರ. ಅವತ್ತ ಫೋನ್ ತಗದು ಅದನ್ನ ಸುತ್ತ ತಿರಗಿ ಒಂದ್ ವಿಡಿಯೋ ಮಾಡಿದೆ. ಅಲ್ಲಿಂದ ಸುರು ಆತ್ರಿ.

ಈಗ ವಾರಕ್ಕ ಎರಡ್ ಮೂರ್ ಹಾಕ್ತೇನಿ. ಹೆಚ್ಚಿಗಿ ಏನ್ ಹಾಕ್ತೇನಂದ್ರ ಸುಟ್ಟ ಮೋಟಾರ್ ಬಿಚ್ಚಿದಾಗ ಒಳಗ ಏನ್ ಕಾಣ್ತೈತಿ ಅದನ್ನ. ಸುಟ್ಟ ವೈಂಡಿಂಗ್ ತಾನ ಎಲ್ಲಾ ಹೇಳ್ತೈತ್ರಿ. ಮೂರ್ ಫೇಸಿನ ಕಾಯಿಲ್ ಜೋಡ್ಸೂದು ಎರಡ್ ರೀತಿ, ಸ್ಟಾರ್ ಮತ್ತ ಡೆಲ್ಟಾ. ಸ್ಟಾರ್ ಕನೆಕ್ಷನ್ ಇದ್ದು ಕರೆಂಟಿನ ಒಂದ್ ಫೇಸ್ ಹೋಗಿದ್ದಾಗ ಓಡಿದ್ರ ಎರಡ್ ಫೇಸಿನ ಕಾಯಿಲ್ ಕರ್ರಗ ಕೊಳ್ಳಿ ಆಗಿರ್ತಾವ, ಮೂರನೇದ್ದು ನಿನ್ನಿ ಹಾಕಿದಂಗ ಹೊಳೀತಿರ್ತೈತಿ. ಡೆಲ್ಟಾದಾಗ ಉಲ್ಟಾ, ಒಂದ ಫೇಸ್ ಸುಟ್ಟಿರ್ತೈತಿ, ಎರಡು ಛಲೋ ಇರ್ತಾವ. ಎಲ್ಲಾ ಕಾಯಿಲೂ ಸಮಾ ಕರ್ರಗಾಗಿದ್ರ ವೋಲ್ಟೇಜ್ ಕಮ್ಮಿ ಇದ್ದಾಗ ಓಡ್ಸ್ಯಾರ, ಇಲ್ಲಾ ಪಂಪ್ ಜಾಮ್ ಆಗೇತಿ, ಇಲ್ಲಾ ಓವರ್‌ಲೋಡ್. ರೈತರಿಗೆ ಇದನ್ನ ಬಾಯಿಲೆ ಹೇಳಿದ್ರ ನಂಬಂಗಿಲ್ಲ, "ನೀವ ಕೆಡಿಸಿರಿ" ಅಂತಾರ. ವಿಡಿಯೋದಾಗ ತೋರ್ಸಿದ್ರ ತಿಳೀತೈತಿ. ಒಬ್ರು ಹಾನಗಲ್ ಕಡೆಯವ್ರು ಅದನ್ನ ನೋಡಿ, ಹೊಲದಾಗ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದ್ ಫೇಸ್ ಹೋದ್ರ ಮೋಟಾರ್ ಬಂದ್ ಮಾಡೂದು) ಹಾಕ್ಸಿದೆ ಅಂತ ಬರದಿದ್ರು. ಅವತ್ತ ನನಗ ಆದ ಖುಷಿ ಪಗಾರ ಬಂದಾಗ್ಲೂ ಆಗಿಲ್ಲ.

ಆದ್ರ ಈಗ ಮೂರ್ ತ್ರಾಸ ಅದಾವು.

ಒಂದು, ನೋಡೂ ಮಂದಿ ಕಮ್ಮಿ. ಒಂದೂವರೆ ವರ್ಷಕ್ಕ ನಾನೂರ ಚಿಲ್ರ ಫಾಲೋವರ್. ದೋಸ್ತ್ರು ಅಂತಾರ ಹಾಡ ಹಾಕ, ಮುಖಾ ತೋರ್ಸ, ಕಾಮಿಡಿ ಮಾತಾಡ, ಆಗ ಓಡ್ತಾವು ಅಂತ. ನಾ ಒಂದೆರಡಕ್ಕ ಸಿನಿಮಾ ಹಾಡ ಹಾಕಿ ನೋಡಿದೆ, ಓಡಿದ್ವು ಖರೆ, ಆದ್ರ ನನಗ ಅವು ನನ್ವು ಅನ್ನಿಸ್ಲಿಲ್ಲ.

ಎರಡು, ನಮ್ ಮಾಲಕರು. ಮೊದ್ಲ ಏನೂ ಅನ್ಲಿಲ್ಲ, ಈಗ "ನಮ್ ಧಂದೆದ ಗುಟ್ಟ ಎಲ್ಲಾ ಹೊರಗ ಹಾಕಾಕತ್ತಿ" ಅಂತಾರ. ಬೈಯೂದಿಲ್ಲ, ಮುಖಾ ಸಣ್ಣ ಮಾಡ್ತಾರ, ಅದು ಬೈದದ್ದಕ್ಕಿಂತ ಹೆಚ್ಚ ನೋವಾಗ್ತೈತಿ, ಯಾಕಂದ್ರ ಕೆಲಸಾ ಕಲಿಸಿದವರ ಪೈಕಿ ಅವ್ರೂ ಒಬ್ರು.

ಮೂರು, ಮನ್ಯಾಗ. ಹೆಂಡ್ತಿ ಅಂತಾಳ, ಹಗಲೆಲ್ಲಾ ಮೋಟಾರು, ರಾತ್ರಿ ಮನಿಗಿ ಬಂದ್ರೂ ಫೋನ್‌ನಾಗ ಅದ ಮೋಟಾರ್ ಎಡಿಟ್ ಮಾಡ್ತೀರಿ, ಇದರಿಂದ ಏನ್ ಬರ್ತೈತಿ ಅಂತ. ಅಕಿ ಕೇಳೂದು ತಪ್ಪಲ್ಲ. ನನಗೂ ಉತ್ತರ ಗೊತ್ತಿಲ್ಲ. ರೊಕ್ಕಂತೂ ಬಂದಿಲ್ಲ. ಆದ್ರ ವಿಡಿಯೋ ಮಾಡಾಕ ಹತ್ತಿದ ಮ್ಯಾಲ ಮುಂಜಾನೆ ಅಂಗಡಿ ಬಾಗಲಾ ತಗಿಯೂವಾಗ ಮನಸ ಹಗುರಾಗಿರ್ತೈತಿ, ಇವತ್ತ ಯಾವ ಮೋಟಾರ್ ಒಳಗ ಏನ್ ಕಾಣ್ತೈತೋ ಅಂತ. ಇದನ್ನ ಹೆಂಗ ಹೇಳ್ಬೇಕೋ ಮನ್ಯಾಗ.

ನಿಮ್ಮೊಳಗ ಯಾರರ ತಮ್ ಕೆಲಸದ ವಿಡಿಯೋ ಹಾಕೂವ್ರು ಇದ್ರ ಹೇಳ್ರಿ, ನೀವು ಯಾತಕ್ಕ ಹಾಕ್ತೀರಿ, ಎಷ್ಟ ತೋರಸ್ತೀರಿ, ಎಲ್ಲಿಗೆ ನಿಲ್ಲಸ್ತೀರಿ. ಮತ್ತ ಇನ್ನೊಂದ್ ಸಣ್ಣ ಪ್ರಶ್ನೆ, ನಮ್ ಶೆಡ್‌ನಾಗ ಟ್ಯೂಬ್‌ಲೈಟ್ ಕೆಳಗ ತಗದ್ರ ವಿಡಿಯೋದಾಗ ಕರ್ರನ್ ಪಟ್ಟಿ ಮ್ಯಾಲಿಂದ ಕೆಳಗ ಓಡ್ತಾವು, ಅದಕ್ಕೇನ್ ಮಾಡ್ಬೇಕು?

ಶೂಟಿಂಗ್_ಹಳೇಹುಬ್ಳಿ

ಪಟ್ಟಿದ್ದು ಮೊದ್ಲ ಹೇಳಿ ಬಿಡ್ತೇನಿ, ನೀವು ಕರೆಂಟಿನ ಮಂದಿ, ಲಗೂನ ತಿಳೀತೈತಿ. ನಮ್ ಕರೆಂಟ್ 50 ಹರ್ಟ್ಜ್, ಅಂದ್ರ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕ್ತೈತಿ, ಕಣ್ಣಿಗೆ ಕಾಣಂಗಿಲ್ಲ, ಕ್ಯಾಮೆರಾಕ್ಕ ಕಾಣ್ತೈತಿ. ಫೋನ್ ಕ್ಯಾಮೆರಾ ಸೆಟ್ಟಿಂಗ್‌ನಾಗ ಆಂಟಿ ಫ್ಲಿಕರ್ ಅಂತ ಇದ್ರ 50 ಹರ್ಟ್ಜ್‌ಗೆ ಇಡ್ರಿ, ಪ್ರೋ ಮೋಡ್ ಇದ್ರ ಶಟರ್ 1/50 ಇಲ್ಲಾ 1/100 ಇಡ್ರಿ, ಪಟ್ಟಿ ಹೋಗ್ತಾವು. ಅದಕ್ಕಿಂತ ಛಲೋ ಅಂದ್ರ ಹಗಲಿನಾಗ ಶೆಡ್ಡಿನ ಬಾಗಲಾ ಹತ್ರ ಟೇಬಲ್ ಎಳ್ಕೊಂಡ್ ತಗೀರಿ, ತಾಮ್ರಕ್ಕ ಬಿಸಲಿನ ಬೆಳಕಿನಷ್ಟ ಯಾವ್ದೂ ಒಪ್ಪಂಗಿಲ್ಲ.

ನಾ ಮದುವಿ ಶೂಟಿಂಗ್ ಮಾಡ್ತೇನಿ, ಇಪ್ಪತ್ ವರ್ಷಾತು, ವಿಎಚ್‌ಎಸ್ ಕ್ಯಾಸೆಟ್ ಇದ್ದಾಗಿಂದ. ನನ್ ಕೆಲಸಾನ ವಿಡಿಯೋ, ಹಂಗಾಗಿ ನಿಮ್ಮಂಗ ಕೆಲಸದ ವಿಡಿಯೋ ಹಾಕಿಲ್ಲ, ಆದ್ರ ಹಾಕೂ ಮಂದಿಗೆ ಎಡಿಟಿಂಗ್ ಹೇಳಿಕೊಟ್ಟೇನಿ. ಅದಕ ಒಂದ್ ಮಾತು, ರೊಕ್ಕದ ಲೆಕ್ಕಾ ಮೊದ್ಲ ಸ್ಪಷ್ಟ ಮಾಡ್ಕೊಂಡ್ ಬಿಡ್ರಿ, ಆಮ್ಯಾಲ ಮನಸಿಗೆ ಸಮಾಧಾನ. ಯೂಟ್ಯೂಬ್‌ನಾಗ ಜಾಹೀರಾತಿನ ಪಾಲು ಬರ್ಬೇಕಂದ್ರ 1000 ಸಬ್‌ಸ್ಕ್ರೈಬರ್ ಬೇಕು, ಅದರ ಜೋಡಿ 12 ತಿಂಗಳೊಳಗ ಮಂದಿ ನಿಮ್ ವಿಡಿಯೋ 4000 ತಾಸು ನೋಡಿರ್ಬೇಕು, ಇಲ್ಲಾ 90 ದಿನದಾಗ ಶಾರ್ಟ್ಸ್‌ಗೆ 1 ಕೋಟಿ ವ್ಯೂ ಆಗಿರ್ಬೇಕು. ಶಾರ್ಟ್ಸ್ ಫೀಡ್‌ನಾಗ ನೋಡಿದ ತಾಸು ಆ 4000ದಾಗ ಹಿಡಿಯಂಗಿಲ್ಲ, ಭಾಳ ಮಂದಿ ಇಲ್ಲೇ ಮೋಸಾ ಹೋಗ್ತಾರ. ನಾನೂರ್ ಮಂದಿ ಇಟ್ಕೊಂಡು ಕನ್ನಡದಾಗ ರಿವೈಂಡಿಂಗ್ ತೋರ್ಸಿದ್ರ ಅಲ್ಲಿಗೆ ಹೋಗಾಕ ವರ್ಷಗಟ್ಲೆ ಬೇಕು. ಹೋಗಬಾರ್ದು ಅಂತಲ್ಲ, ಅದನ್ನ ನಂಬಿ ಕೆಲಸಾ ಬಿಡಬ್ಯಾಡ್ರಿ ಅಷ್ಟ.

ಸಿನಿಮಾ ಹಾಡ ಹಾಕಬ್ಯಾಡ್ರಿ. ಕಾಪಿರೈಟ್ ಕ್ಲೇಮ್ ಬಂತಂದ್ರ ಜಾಹೀರಾತಿನ ದುಡ್ಡು ಹಾಡಿನ ಮಾಲಕರಿಗೆ ಹೋಗ್ತೈತಿ, ಇಲ್ಲಾ ವಿಡಿಯೋನ ಬ್ಲಾಕ್ ಆಗ್ತೈತಿ. ಮ್ಯೂಸಿಕ್ ಬೇಕ ಬೇಕಂದ್ರ ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಾಗ ಪುಕ್ಕಟ ಸಿಗ್ತಾವು.

ಇನ್ನೊಂದು ಭಾಳ ಮಹತ್ವದ್ದು. ಒರಿಜಿನಲ್ ಫೈಲ್ ಇಟ್ಕೊಂಡೀರಿಲ್ಲೋ? ನಮ್ ಕಡೆ ಒಬ್ಬ ಅಕ್ಕಾ ಇದ್ರು, ಹೊಲದಾಗ ಕಳೆ ತಗಿಯೂದು, ಶೇಂಗಾ ಹರಿಯೂದು, ರೊಟ್ಟಿ ಬುತ್ತಿ ಕಟ್ಟೂದು ಎಲ್ಲಾ ಟಿಕ್‌ಟಾಕ್‌ನಾಗ ಹಾಕ್ತಿದ್ರು, ಆ್ಯಪ್‌ನಾಗ ಸೀದಾ ಶೂಟ್ ಮಾಡಿ ಹಾಕೂದು, ಫೋನ್‌ನಾಗ ಒಂದೂ ಸೇವ್ ಇಲ್ಲ. 2020ರ ಜೂನ್ 29ಕ್ಕ ಟಿಕ್‌ಟಾಕ್ ಬ್ಯಾನ್ ಆತು. ನನ್ ಕಡೆ ಓಡಿ ಬಂದು, ಅಣ್ಣಾ ಹೆಂಗರ ಮಾಡಿ ತಗದ ಕೊಡ್ರಿ ಅಂದ್ರು, ನಾ ಏನ್ ಕೊಡ್ಲಿ. ಅದ್ರಾಗ ಅವರ ಅತ್ತಿ ಹಾಡಿದ್ದ ಬೀಸೂಕಲ್ಲಿನ ಪದ ಇದ್ವು, ಅತ್ತಿ ಮುಂದ ತೀರ್ಕೊಂಡ್ರು. ಅದಾಗಿ ತಿಂಗಳೊಳಗ ರೀಲ್ಸ್ ಬಂತು, ಸೆಪ್ಟೆಂಬರ್‌ನಾಗ ಶಾರ್ಟ್ಸ್ ಬಂತು, ಎಲ್ಲಾರೂ ಅಲ್ಲಿ ಹ್ವಾದ್ರು, ಆ ಅಕ್ಕಾ ಮತ್ತ ಸುರು ಮಾಡ್ಲಿಲ್ಲ. ಅದಕ ಹೇಳ್ತೇನಿ, ಒಂದ್ ಹಾರ್ಡ್ ಡಿಸ್ಕ್ ತಗೊಂಡು ತಿಂಗಳಿಗೊಮ್ಮೆ ಎಲ್ಲಾ ಅದಕ್ಕ ಹಾಕಿ ಇಡ್ರಿ, ತಾರೀಖ್ ಬರದು.

ಕಸೂತಿ_ಧಾರವಾಡ

ನಿಮ್ಮ ಪ್ರಶ್ನಿ ಓದಿ ನಿನ್ನೆ ರಾತ್ರಿನೇ ಬರೀಬೇಕಂದೆ, ಆಗಲಿಲ್ಲ. ನಾನು ಧಾರವಾಡದಾಗ ಕಸೂತಿ ಹಾಕ್ತೀನಿ, ಆರ್ಡರ್ ಮ್ಯಾಲೆ, ಸೀರಿ ಸೆರಗು, ಬ್ಲೌಸು, ಈಗೀಗ ದುಪಟ್ಟಾ ಜಾಸ್ತಿ. ಮೂರು ವರ್ಷದಿಂದ ವಿಡಿಯೋ ಹಾಕ್ತೀನಿ.

ನೀವು ಹೇಳಿದ್ರಲ್ಲಾ, ಒಳಗಿನ ಕೆಲಸ ಯಾರೂ ನೋಡೂದಿಲ್ಲ ಅಂತ, ಅದು ನನಗ ಎದಿಗೆ ಬಂದು ಹತ್ತಿತು. ನಮ್ಮ ಕಸೂತಿಯೊಳಗ ಗಂಟು ಹಾಕೂದಿಲ್ಲ, ಗವಂತಿ ಮತ್ತ ಮುರ್ಗಿ ಹೊಲಿಗಿ ಹಾಕಿದ್ರ ಮುಂದ ಹೆಂಗೋ ಹಿಂದೂ ಹಂಗ ಕಾಣಬೇಕು. ನಮ್ಮ ಅಜ್ಜಿ ಯಾರು ಹಾಕಿದ ಸೆರಗು ಕೊಟ್ಟರೂ ಮೊದಲು ಹಿಂಬದಿ ತಿರುವಿ ನೋಡ್ತಿದ್ಲು. ನನ್ನ ವಿಡಿಯೋದಾಗ ನಾನು ಮಾಡೂದು ಅಷ್ಟ, ಗೋಪುರ, ಆನಿ, ತುಳಸಿಕಟ್ಟಿ ಏನೇ ಹಾಕಿದ್ರೂ ಕೊನೀಗೆ ಬಟ್ಟಿ ತಿರುವಿ ಹಿಂದಿಂದು ತೋರಸ್ತೀನಿ. ಗಿರಾಕಿ ಎಷ್ಟೋ ಮಂದಿಗೆ ಅದು ಗೊತ್ತೇ ಇರಲಿಲ್ಲ, ಮಷೀನ್ ಕೆಲಸಕ್ಕೂ ಕೈ ಕೆಲಸಕ್ಕೂ ರೇಟ್ ಯಾಕ ಬ್ಯಾರೆ ಅಂತ ವಾದ ಮಾಡ್ತಿದ್ರು, ಈಗ ವಾದ ಕಮ್ಮಿ ಆಗ್ಯದ.

ಆದ್ರ ಒಂದು ಎಚ್ಚರಿಕೆ ಹೇಳ್ತೀನಿ, ನನಗ ಆಗಿದ್ದು. ಮೊದಲನೇ ವರ್ಷ ನಾನು ಕ್ಯಾಮೆರಾ ಸಲುವಾಗಿ ಹೊಲಿಯಾಕ ಸುರು ಮಾಡಿದ್ದೆ. ಕೈ ಚಂದ ಕಾಣಬೇಕು, ಸೂಜಿ ಮಿಂಚಬೇಕು, ಬೆರಳು ಹಿಂಗ ಹಿಡಿದ್ರ ಛಲೋ. ಕಸೂತಿ ಅಂದ್ರ ಎಳಿ ಎಣಿಸಿ ಹಾಕೂದು, ಬಟ್ಟಿ ಮ್ಯಾಲೆ ಪೆನ್ಸಿಲ್‌ಲೆ ಏನೂ ಬರಕೊಳ್ಳೂದಿಲ್ಲ. ಒಂದು ಚಂದ್ರಕಾಳಿ ಸೀರಿಗೆ ತೇರು ಹಾಕ್ಲಿಕ್ಕತ್ತಿದ್ದೆ, ಮದುವಿ ಆರ್ಡರ್, ಫೋನಿನ ಸ್ಕ್ರೀನ್ ಕಡೆ ಲಕ್ಷ ಹೋಗಿ ಒಂದು ಎಳಿ ತಪ್ಪಿತು. ಒಂದೇ ಎಳಿ. ಅದು ಮುಂದ ಮುಂದ ಹೋಗಿ ತೇರಿನ ಎಡಕ್ಕೂ ಬಲಕ್ಕೂ ಹೊಂದಲಿಲ್ಲ, ಗೊತ್ತಾಗೂದರೊಳಗ ಎರಡು ದಿನದ ಕೆಲಸ ಆಗಿತ್ತು. ಬಿಚ್ಚಿದೆ. ಕರಿ ಬಟ್ಟಿ ಮ್ಯಾಲೆ ಬಿಚ್ಚೂದು ಅಂದ್ರ ಹಾಕೂದಕ್ಕಿಂತ ಕಷ್ಟ, ಕಣ್ಣಾಗ ನೀರು ಬಂತು. ಅವತ್ತಿನಿಂದ ನನ್ನ ನಿಯಮ ಏನಂದ್ರ ಸ್ಟ್ಯಾಂಡ್ ಒಮ್ಮೆ ಇಟ್ಟು ಫೋನಿನ ಸ್ಕ್ರೀನ್ ಕಾಣದಂಗ ತಿರುವಿ ಇಡೂದು. ಏನು ಬಂತೋ ಅದು ಬಂತು, ತಲಿ ಅಡ್ಡ ಬಂದ್ರೂ ಬರಲಿ.

ಮನ್ಯಾಗ ಹೆಂಗ ಹೇಳಬೇಕು ಅಂದ್ರಿ. ನಾನು ಹೇಳಲಿಲ್ಲ, ತೋರಿಸಿದೆ. ನಮ್ಮ ಯಜಮಾನರು ಮೂರು ವರ್ಷದಾಗ ಒಂದು ವಿಡಿಯೋನೂ ಪೂರಾ ನೋಡಿರಲಿಲ್ಲ. ಒಂದಿನ ಲೈಟ್ ಹೋದಾಗ ಪಕ್ಕದಾಗ ಕೂಡಿಸಿಕೊಂಡು ಮೊದಲನೇ ವರ್ಷದ್ದು ಮತ್ತ ಈ ವರ್ಷದ್ದು ಎರಡೂ ಹಚ್ಚಿ ತೋರಿಸಿದೆ. ಹೊಲಿಗಿ ನೋಡಿ ಅವರೇ ಅಂದ್ರು, ಕೈ ಸುಧಾರಿಸ್ಯದಲ್ಲ ಅಂತ. ನಿಮ್ಮ ಮನಿಯವರಿಗೂ ಹಂಗ ತೋರಿಸ್ರಿ, ಎಡಿಟ್ ಮಾಡೂ ಹೊತ್ತಿನಾಗ ಬ್ಯಾಡ, ಊಟ ಆದ ಮ್ಯಾಲೆ ಆರಾಮ ಕೂತಾಗ. ಮತ್ತ ವಾರದಾಗ ಎರಡು ರಾತ್ರಿ ಫೋನ್ ಮುಟ್ಟಬ್ಯಾಡ್ರಿ, ಅವರು ಕೇಳಿದ್ದು ರೊಕ್ಕದ ಮಾತಲ್ಲ ಅಂತ ನನಗ ಅನಸ್ತದ.

ಹುಬ್ಳಿ_ವೈಂಡರ್

ಅಕ್ಕಾರ, ಕಡೀ ಮಾತು ನಾಕ್ ಸಲ ಓದಿದೆ. ಖರೇನ ಐತಿ, ಅಕಿ ರೊಕ್ಕ ಅಂದ್ಲು, ನಾ ರೊಕ್ಕಾನ ಹಿಡಕೊಂಡ್ ಕುಂತೆ. ಅಣ್ಣಾರ, 1/50 ಇಟ್ಟ ಕೂಡ್ಲೆ ಪಟ್ಟಿ ಹ್ವಾದ್ವು! ಹನ್ನೊಂದ್ ವರ್ಷ 50 ಹರ್ಟ್ಜ್ ಜೋಡಿ ಬದಕಿದವಗ ಇದು ಹೊಳೀಲಿಲ್ಲ ನೋಡ್ರಿ. ಒರಿಜಿನಲ್ ಅರ್ಧಾ ಅದಾವು, ಅರ್ಧಾ ಫೋನ್ ತುಂಬೇತಿ ಅಂತ ಅಳಿಸಿಬಿಟ್ಟೇನಿ, ಇವತ್ತ ಹೊಟ್ಟಿ ಉರಿಯಾಕತ್ತೈತಿ.

ಬೆಟಗೇರಿ_ಮಗ್ಗ

ಹಾಡಿನ ಬಗ್ಗೆ ಅಷ್ಟ ಹೇಳ್ತೇನ್ರಿ. ನಮ್ದು ಕುಣಿ ಮಗ್ಗ, ಮನ್ಯಾಗ ಅದರ ಸಪ್ಪಳದಾಗ ಹುಟ್ಟಿದವ್ರು ನಾವು, ಲಾಳಿ ಹೋಗಿ ಬರೂ ಸಪ್ಪಳ, ಹಲಗಿ ಬಡಿಯೂ ಸಪ್ಪಳ, ಅದ ನಮ್ ಗಡಿಯಾರ. ನಾ ಹಾಡ ಹಾಕಿದ ವಿಡಿಯೋಕ್ಕ "ಸೂಪರ್" ಅಂತ ನೂರ್ ಕಾಮೆಂಟ್ ಬಂದ್ವು, ಒಂದೂ ಸೀರಿ ಬಗ್ಗೆ ಇಲ್ಲ. ಒಮ್ಮೆ ಗಡಿಬಿಡಿಯಾಗ ಹಾಡ ಹಾಕೂದ್ ಮರತು ಬರೇ ಮಗ್ಗದ ಸಪ್ಪಳ ಹೋತು, ಅದಕ್ಕ ಪುಣೆದಾಗಿರೂ ಒಬ್ರು, ನಮ್ ಅಪ್ಪಾರೂ ಬೆಟಗೇರಿಯಾಗ ನೇಕಾರಿದ್ರು, ಕಣ್ಣ ಮುಚ್ಚಿ ಕೇಳಿದೆ ಅಂತ ಬರದಿದ್ರು. ಈಗ ನಮ್ ಓಣಿಯಾಗ ಮೊದಲಿನಷ್ಟ ಕೈಮಗ್ಗ ಉಳಿದಿಲ್ಲ, ಓಣಿ ತುಂಬ ಕೇಳ್ತಿದ್ದ ಸಪ್ಪಳ ಈಗ ಮನಿ ಹುಡಕ್ಕೊಂಡ್ ಹೋಗಿ ಕೇಳ್ಬೇಕು. ನಿಮ್ ಅಂಗಡಿದ್ದೂ ಸಪ್ಪಳ ಇರ್ತೈತಲ್ಲ, ಅದನ್ನ ಬಿಡ್ರಿ.

ಹಾವೇರಿ_ಲಾರಿ_48

ನಾ ಲಾರಿ ಡ್ರೈವರು, ಬ್ಯಾಡಗಿ ಮೆಣಸಿನಕಾಯಿ ಸೀಜನ್‌ನಾಗ ಅದನ್ನ ಹೇರ್ತೇನಿ, ಉಳಿದಾಗ ಏನ್ ಸಿಕ್ರ ಅದು. ಕೇರಳ, ತಮಿಳ್ನಾಡು, ಎಲ್ಲಾ ಕಡೆ ಓಡ್ತೇನಿ. ವಿಡಿಯೋ ಹಾಕ್ತೇನಿ ನಾಕ್ ವರ್ಷಾತು. ಮೊದ್ಲ ಎಲ್ಲಾರಂಗ ಡ್ಯಾಶ್‌ಬೋರ್ಡಿಗೆ ಫೋನ್ ಹಚ್ಚಿ ಓಡಸ್ಕೋತ ಮಾತಾಡ್ತಿದ್ದೆ, ಕೈಲೂ ಹಿಡೀತಿದ್ದೆ ಸುಳ್ಳ ಹೇಳಂಗಿಲ್ಲ. ವರದಾ ನದಿ ಬ್ರಿಜ್ ಹತ್ರ ಒಂದಿನ ಕಾಮೆಂಟ್ ಓದಾಕ ಕಣ್ಣ ಕೆಳಗ ಹೋತು, ಮುಂದ ಬೈಕಿನ ಮ್ಯಾಲ ಗಂಡ ಹೆಂಡ್ತಿ ಕೂಸು, ಬ್ರೇಕ್ ತುಳದದ್ದು ನೆಪ್ಪಿಲ್ಲ, ಗಾಡಿ ನಿಂತದ್ದಷ್ಟ ನೆಪ್ಪೈತಿ. ಬೈಕಿನವಗ ಗೊತ್ತೂ ಆಗ್ಲಿಲ್ಲ, ಹೊಂಟ ಹ್ವಾದ. ನಾ ಅಲ್ಲೇ ಸೈಡಿಗೆ ಹಚ್ಚಿ ಅರ್ಧಾ ತಾಸು ಕುಂತೆ. 2019ರಾಗ ಮೋಟಾರ್ ವಾಹನ ಕಾಯ್ದೆ ತಿದ್ದುಪಡಿ ಆದ ಮ್ಯಾಲ ಕೈಯಾಗ ಫೋನ್ ಹಿಡ್ದು ಓಡ್ಸೂದು ಡೇಂಜರಸ್ ಡ್ರೈವಿಂಗ್ ಅಂತನ ಲೆಕ್ಕ, ಆದ್ರ ನಾ ಬಿಟ್ಟಿದ್ದು ಕಾಯ್ದೆಗಲ್ಲ, ಆ ಕೂಸಿನ ಕೆಂಪ ಟೊಪಗಿ ಇನ್ನೂ ಕಣ್ಣಾಗೈತಿ.

ಈಗ ಗಾಡಿ ನಿಂತಾಗಿಂದಷ್ಟ ತೋರಸ್ತೇನಿ. ಲೋಡ್ ಹೆಂಗ ಕಟ್ತಾರ, ತಾಡಪತ್ರಿ ಹೆಂಗ ಬಿಗೀತಾರ. ಮೆಣಸಿನಕಾಯಿ ತೂಕ ಕಮ್ಮಿ ಜಾಗಾ ಜಾಸ್ತಿ, ಚೀಲ ಎತ್ತರಕ್ಕ ಹೋಗ್ತಾವು, ಹಗ್ಗಾ ಸಡ್ಲ ಆತಂದ್ರ ತಿರುವಿನಾಗ ವಾಲ್ತಾವು, ಅದಕ ಹಮಾಲರು ಹಾಕೂ ಗಂಟು ನೋಡಾಕ ಕಲಿಯಾಕ ಯೋಗ್ಯ ಐತಿ. ಡಬ್ಬಿ ಯಾವ್ದು ಕಡ್ಡಿ ಯಾವ್ದು ಅಂತ ಕೈಯಾಗ ಹಿಡ್ದು ತೋರಸ್ತೇನಿ, ಡಬ್ಬಿ ಗಿಡ್ಡ ದಪ್ಪ, ಕಡ್ಡಿ ಉದ್ದಕ ಸುಕ್ಕ. ಇದು ಖಾರಕ್ಕಲ್ಲ ಬಣ್ಣಕ್ಕ ಹೆಸರಾದದ್ದು, 2011ರಾಗ ಜಿಐ ಟ್ಯಾಗ್ ಬಂತು, ಇದ್ರ ಬಣ್ಣಾ ತಗದು ಓಲಿಯೋರೆಸಿನ್ ಮಾಡೂ ಫ್ಯಾಕ್ಟರಿಗೆ ಕೇರಳಕ್ಕ ನಾನ ಹೇರ್ಕೊಂಡ್ ಹೋಗೇನಿ, ಲಿಪ್‌ಸ್ಟಿಕ್ಕಿನಾಗ ಹಾಕ್ತಾರ ಅಂದ್ರ ನಮ್ಮೂರಾಗ ಎಷ್ಟೋ ಮಂದಿ ನಂಬಂಗಿಲ್ಲ. ಇಂಥಾ ವಿಡಿಯೋ ಕಮ್ಮಿ ಮಂದಿ ನೋಡ್ತಾರ, ನೋಡಿದವ್ರು ಪೂರಾ ನೋಡ್ತಾರ.

ಆದ್ರ ನಿಮಗ ಹೇಳಬೇಕಂದದ್ದು ಬ್ಯಾರೆ. ಒಮ್ಮೆ ಗೋಡೌನ್‌ನಾಗ ಹೆಣ್ಮಕ್ಕಳು ಕುಂತು ಮೆಣಸಿನಕಾಯಿ ತುಂಬು (ತೊಟ್ಟು) ಮುರ್ಯಾಕತ್ತಿದ್ರು, ನೆಲದ ತುಂಬ ಕೆಂಪ, ಮುಖಕ್ಕ ಸೆರಗು ಕಟ್ಕೊಂಡಾರ ಘಾಟಿಗೆ, ನಡುವ ಒಬ್ಬಾಕಿ ನಗಾಕತ್ತಾಳ, ನನಗ ಭಾಳ ಚಂದ ಕಂಡು ಹಾಕಿದೆ. ನನ್ ಎಲ್ಲಾ ವಿಡಿಯೋಕ್ಕಿಂತ ಹೆಚ್ಚ ಓಡಿತು. ಎರಡ್ ವಾರಾದ ಮ್ಯಾಲ ಅದ ಗೋಡೌನ್‌ಗೆ ಹೋದಾಗ ಆ ಹೆಣ್ಮಗಳು ಬಂದು, ಅಣ್ಣಾ ಅದನ್ನ ತಗೀರಿ, ನಾ ಇಲ್ಲಿ ಕೆಲಸಕ್ಕ ಬರೂದು ನನ್ ಮಗಳ ಬೀಗರ ಮನ್ಯಾಗ ಗೊತ್ತಿಲ್ಲ ಅಂದ್ಲು. ಅಕಿ ಸಿಟ್ಟಿಲೆ ಅನ್ಲಿಲ್ಲ, ಕೈ ಮುಗದು ಅಂದ್ಲು. ಅಲ್ಲೇ ಅಕಿ ಎದುರಿಗೆ ತಗದೆ. ಆದ್ರ ಯಾರ್ಯಾರ್ ಶೇರ್ ಮಾಡಿದ್ರೋ ಡೌನ್‌ಲೋಡ್ ಮಾಡ್ಕೊಂಡಿದ್ರೋ ಅದನ್ನ ನಾ ಎಲ್ಲಿಂದ ತಗೀಲಿ. ನಮ್ ಕೆಲಸಾ ನಾವ ತೋರ್ಸೂದು ಬ್ಯಾರೆ, ಬಾಜೂಕ ಇರೂವ್ರ ಕೆಲಸಾ ತೋರ್ಸೂದು ಬ್ಯಾರೆ. ಈಗ ಮೊದ್ಲ ಕೇಳ್ತೇನಿ, ತಗದ ಮ್ಯಾಲ ಅವ್ರಿಗೆ ತೋರಸ್ತೇನಿ, ಆಮ್ಯಾಲ ಹಾಕ್ತೇನಿ. ನಿಮ್ ಅಂಗಡಿಗೆ ರೈತರು ಬರ್ತಾರಲ್ಲ, ಅವ್ರು ಸಾಲಾ ಮಾಡಿ ಮೋಟಾರ್ ರಿಪೇರಿ ಮಾಡ್ಸಾಕ ಬಂದಿರ್ತಾರ, ಮುಖಾ ಬರದಂಗ ನೋಡ್ರಿ.

ಗದಗ_ಪಂಪ್‌ಸೆಟ್

ನಿಮ್ ಚಾನೆಲ್ ಹುಡಕಿ ನೋಡಿ ಬರಿಯಾಕತ್ತೇನಿ. ನಂದೂ ಗದಗಿನಾಗ ರಿವೈಂಡಿಂಗ್ ಅಂಗಡಿ, 34 ವರ್ಷಾತು, ಹಂಗಾಗಿ ಮಾಲಕರ ಕಡೆಯಿಂದ ಮಾತಾಡ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ.

ನಿಮ್ ಕೆಲಸಾ ಚೊಕ್ಕ ಐತಿ. ಓವರ್‌ಹ್ಯಾಂಗ್ (ಸ್ಟೇಟರ್ ಹೊರಗ ಬರೂ ಕಾಯಿಲ್ ತುದಿ) ಕಟ್ಟು ಸಮಾ ಕಟ್ಟೀರಿ, ಸ್ಲಾಟ್ ಪೇಪರ್ ಹೊರಗ ಬಿಟ್ಟ ಅಳತಿ ಸರಿ ಐತಿ, ಅದನ್ನ ನೋಡಿದ ಕೂಡ್ಲೆ ಇವಂಗ ಕಲಿಸಿದವ್ರು ಶಿಸ್ತಿನವ್ರು ಅಂತ ತಿಳೀತು. ಆದ್ರ ನಿಮ್ ಮಾಲಕರಿಗೆ ಯಾಕ ನೋವಾಗೇತಿ ಅಂತ ನನಗ ಗೊತ್ತಾತು. ನಾಕೈದ್ ವಿಡಿಯೋದಾಗ ಹಿಂದ ಟೇಬಲ್ ಮ್ಯಾಲ ಡೇಟಾ ಬುಕ್ ತೆರದು ಬಿದ್ದೈತಿ, ನಿಲ್ಲಿಸಿ ನೋಡಿದ್ರ ಟರ್ನ್ (ಸುತ್ತು) ಎಷ್ಟು, ಗೇಜ್ (ತಂತಿ ದಪ್ಪ) ಎಷ್ಟು, ಪಿಚ್ (ಕಾಯಿಲ್ ಎಷ್ಟ ಸ್ಲಾಟ್ ದಾಟ್ತೈತಿ) ಎಷ್ಟು ಎಲ್ಲಾ ಓದಾಕ ಬರ್ತೈತಿ. ಆ ಬುಕ್ಕು ಒಂದಿನದ್ದಲ್ರಿ. ಸುಟ್ಟ ಮೋಟಾರ್ ಒಂದೊಂದೂ ಬಿಚ್ಚಿ, ಕೊಳ್ಳಿಯಾದ ತಂತಿ ಒಂದೊಂದ ಎಣಿಸಿ, ಮೈಕ್ರೋಮೀಟರ್ ಹಿಡ್ದು, ತಪ್ಪ ಲೆಕ್ಕ ಬರದು ಕಟ್ಟಿದ ಮೋಟಾರ್ ಮತ್ತ ಸುಟ್ಟು ಕೈಲಿಂದ ರೊಕ್ಕಾ ಹಾಕಿ ಕಟ್ಕೊಟ್ಟು, ಹಂಗ ತುಂಬಿದ್ದು. ನನ್ ಬುಕ್ಕನ್ನ ನಾ ದಸರಾದಾಗ ಆಯುಧ ಪೂಜಾಕ್ಕ ಇಡ್ತೇನಿ. ಸುಟ್ಟಿದ್ದರ ಕಾರಣ ತೋರ್ಸ್ರಿ, ಕಟ್ಟೂದು ತೋರ್ಸ್ರಿ, ಅದು ಗುಟ್ಟಲ್ಲ, ಕೈಗೆ ರೂಢಿ ಇಲ್ಲದ ಯಾರೂ ನೋಡಿ ಕಟ್ಟಾಕ ಬರಂಗಿಲ್ಲ. ಬುಕ್ ಮಾತ್ರ ಮುಚ್ಚಿ ಇಡ್ರಿ.

ಇನ್ನೊಂದು ಲಾರಿ ಅಣ್ಣ ಹೇಳಿದ್ದಕ್ಕ ಸೇರಸ್ತೇನಿ. ಮುಖಾ ಅಷ್ಟ ಅಲ್ಲ, ಮೋಟಾರ್ ಬಾಡಿ ಮ್ಯಾಲ ಸೀಮೆಸುಣ್ಣದಿಂದ ರೈತನ ಹೆಸರು, ಊರು, ಫೋನ್ ನಂಬರ್ ಬರದಿರ್ತೀವಲ್ಲ, ನಿಮ್ ಎರಡ್ ವಿಡಿಯೋದಾಗ ಪೂರಾ ನಂಬರ್ ಕಾಣ್ತೈತಿ. ಇವತ್ತ ತಗೀರಿ. ಮತ್ತ ಕನೆಕ್ಷನ್ ಕೊಟ್ಟು ಟೆಸ್ಟ್ ಮಾಡೂದು ಒಂದರಾಗ ತೋರ್ಸೀರಿ, ಬರಿಗಾಲಿಲೆ ನಿಂತೀರಿ. ನಮಗ ಅಂದಾಜ ಇರ್ತೈತಿ, ನೋಡೂ ಹುಡುಗ್ರಿಗೆ ಇರಂಗಿಲ್ಲ, ಹೊಲದಾಗ ಹಸೀ ನೆಲದ ಮ್ಯಾಲ ನಿಂತು ಹಂಗ ಮಾಡಿದ್ರ ಜೀವಾ ಹೋಗ್ತೈತಿ. ಅದನ್ನ ತಗದು, ರಬ್ಬರ್ ಮ್ಯಾಟ್ ಹಾಕಿ, ಮೊದ್ಲ ಮೆಗ್ಗರ್ (ಇನ್ಸುಲೇಷನ್ ನೋಡೂ ಮೀಟರ್) ಹಿಡ್ದು ಬಾಡಿ ಅರ್ಥ್ ನೋಡೂದನ್ನ ತೋರ್ಸಿ ಹೊಸಾದು ಹಾಕ್ರಿ. ಅದು ಯಾರೂ ಹಾಕಿಲ್ಲ ಕನ್ನಡದಾಗ ಸರಿಯಾಗಿ, ನಾ ಹುಡಕೇನಿ.

ನಿಮ್ ಒಂದ್ ವಿಡಿಯೋದಾಗ ಹಿಂದ ಯಾರೋ ಹಿರಿಯಾರು ಟರ್ನ್ ಎಣಸಾಕತ್ತಾರ, ಹಾಡಿನ ಸಪ್ಪಳದಾಗ ಸರಿ ಕೇಳಂಗಿಲ್ಲ, "ಲಾಭ" ಅಂದಂಗಾತು. ಹೌದೇನು?

ಹುಬ್ಳಿ_ವೈಂಡರ್

ಅಣ್ಣಾರ, ನಂಬರ್ ಕಾಣೂ ಎರಡೂ ತಗದೆ, ಬರಿಗಾಲಿಂದೂ ತಗದೆ. ಬುಕ್ಕಿನ ವಿಷಯ ಓದಿದ ಮ್ಯಾಲ ಹೊಟ್ಟ್ಯಾಗ ಕಲಸಿದಂಗಾತು, ನಾ ಅದನ್ನ ನೋಡೇ ಇರ್ಲಿಲ್ಲ. ಇವತ್ತ ಮುಂಜಾನೆ ಬಾಗಲಾ ತಗದ ಕೂಡ್ಲೆ ಮಾಲಕರಿಗೆ ಹೇಳಿದೆ, ಬುಕ್ ಕಾಣೂ ವಿಡಿಯೋ ಯಾವ್ಯಾವ ಅದಾವ ತೋರ್ಸಿ ಅವ್ರ ಎದುರಿಗೆ ಅಳಿಸಿದೆ. ಅವ್ರು ಏನೂ ಅನ್ಲಿಲ್ಲ. ಮಧ್ಯಾನ್ಹ ಚಾ ಕುಡಿಯೂವಾಗ ಹಳೇ ಬುಕ್ ಒಂದ್ ತಂದ್ರು, ಅವ್ರ ಮೊದಲನೇದ್ದು, ರಟ್ಟ ಹರದೈತಿ, ವಾರ್ನಿಶ್ ಕಲಿ ಬಿದ್ದೈತಿ, ಇದ್ರ ಅಟ್ಟೀ ಬೇಕಾದ್ರ ತೋರ್ಸ, ಒಳಗಿನ ಹಾಳಿ ಬ್ಯಾಡ ಅಂದ್ರು.

ಹೌದ್ರಿ, ಅದು ಲಾಭಾನ. ಅವ್ರು ನಮ್ ಮೇಸ್ತ್ರಿ, ನನಗ ಕೆಲಸಾ ಕಲಿಸಿದವ್ರು, ಎಪ್ಪತ್ತರ ಮ್ಯಾಲ ಆಗೇತಿ, ಕೈ ನಡಗ್ತೈತಿ, ಈಗ ದಾರಾ ಕಟ್ಟಾಕಷ್ಟ ಬರ್ತಾರ. ರಾಶಿ ಅಳಿಯೂವಾಗ ಒಂದು ಅನ್ನಂಗಿಲ್ಲಲ್ಲ, ಲಾಭ, ಎರಡ, ಮೂರ ಅಂತ ಎಣಸ್ತಾರಲ್ಲ, ಅವ್ರು ರೈತರ ಮನ್ಯಾಗ ಹುಟ್ಟಿದವ್ರು, ಟರ್ನ್ ಎಣಸೂದೂ ಹಂಗ. ಪ್ರತೀ ಕಾಯಿಲ್‌ಗೂ ಮೊದಲನೇ ಸುತ್ತು ಲಾಭ. ನಾ ಅದನ್ನ ಹನ್ನೊಂದ್ ವರ್ಷದಿಂದ ಕೇಳ್ಕೋತ ಬಂದೇನಿ, ಅದರ ಮ್ಯಾಲ ಹಾಡ ಹಾಕಿ ಮುಚ್ಚಿಬಿಟ್ಟಿದ್ದೆ. ಆ ವಿಡಿಯೋದ ಒರಿಜಿನಲ್ ಅಳಿಸಿದ್ದರಾಗ ಹೋಗೇತಿ.

ಮೇಸ್ತ್ರಿ ಸೋಮವಾರ ಬರ್ತಾರ, ಅವ್ರಿಗೆ ಮೊದ್ಲ ಕೇಳ್ತೇನಿ. ಶಿಗ್ಗಾಂವಿದ್ದೊಂದು ಏಳೂವರೆ ಎಚ್‌ಪಿ ಮೋನೋಬ್ಲಾಕ್ (ಮೋಟಾರು ಪಂಪು ಒಂದ ಕೂಡಿದ್ದು) ಬಿಚ್ಚಿ ಇಟ್ಟೇನಿ, ಸ್ಟಾರ್, ಎರಡ್ ಫೇಸ್ ಸುಟ್ಟಾವು. ಹೂಂ ಅಂದ್ರ ಟೇಬಲ್ ಬಾಗಲಾ ಹತ್ರ ಎಳದು, ಫೋನ್ ಸ್ಕ್ರೀನ್ ಆ ಕಡೆ ತಿರುವಿ ಇಟ್ಟು, ಅವ್ರು ಎಣಸೂದು ನಾ ಸುತ್ತೂದು. ಹೆಂಡ್ತಿಗೂ ನಿನ್ನಿ ಇದನ್ನೆಲ್ಲಾ ಓದಿ ತೋರ್ಸಿದೆ, ಲಾಭದ್ದು ಬಂದಾಗ, ನಮ್ ಅಪ್ಪಾರೂ ಹಂಗ ಅಂತಿದ್ರು ಅಂದ್ಲು, ಸೋಮವಾರ ಬುತ್ತಿ ತಗೊಂಡ್ ತಾನೂ ಅಂಗಡಿಗೆ ಬರ್ತಾಳಂತ.